ಸೆಕೆಂಡಿಗೆ ಐದೇ ಚಿತ್ರ ದಯಪಾಲಿಸಿದ ವೆಬ್‌ಕ್ಯಾಮ್ ಮಹಾಶಯರ ಸನ್ನಿಧಿಗೆ

ಏಕನೇತ್ರರೂ, ಯುಎಸ್‌ಬಿ ಬಾಲಧಾರಿಗಳೂ, ನನ್ನ ಕಂಪ್ಯೂಟರಿನ ನೆತ್ತಿಯ ಮೇಲೆ ಕಿರೀಟದಂತೆ ವಿರಾಜಮಾನರೂ ಆದ ಮಾನ್ಯರೇ,

ಡುಲೂತ್ ಊರಿನ ಹವ್ಯಾಸಿ ರಂಗತಂಡದಲ್ಲಿ ನಲವತ್ತು ವರ್ಷ ರಾಜನಾಗಿ, ರಾಕ್ಷಸನಾಗಿ, ಒಮ್ಮೆ ಕುದುರೆಯ ಹಿಂಭಾಗವಾಗಿಯೂ ಗರ್ಜಿಸಿದ ಹಾಲ್ವರ್ ಲಿಂಡಾಲ್ ಎಂಬ ನಾನು ತಲೆಬಾಗಿ ಸಲ್ಲಿಸುವ ಅಹವಾಲು ಇದು.

ತಾವು ಬಂದ ದಿನವೇ, ನನ್ನ ಕಂಪ್ಯೂಟರನ್ನು ನಡೆಸುವ, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಲಿನಕ್ಸ್ ತಂತ್ರಾಂಶ ತಮ್ಮನ್ನು ಗುರುತಿಸಿತು. ಹಸಿರು ದೀಪ ಹೊತ್ತಿತು. ಪರದೆಯ ಮೇಲೆ ನನ್ನ ಮುಖಾರವಿಂದವೂ ಮೂಡಿತು. ಆಹಾ! ಆದರೆ ಸೆಕೆಂಡಿಗೆ ಮೂವತ್ತು ಚಿತ್ರ ಎಂದು ಡಬ್ಬಿಯ ಮೇಲೆ ಬರೆಸಿಕೊಂಡ ತಾವು ಐದೇ ಕೊಟ್ಟು ವಿಶ್ರಮಿಸಿದಿರಿ. ಬೇರೆಯವರಿಗೆ ಇದು ಸಣ್ಣ ಮಾತು. ಫಾರ್ಗೊದಲ್ಲಿರುವ ನನ್ನ ಅಕ್ಕ ಥೋರಾಗೆ ಹುಟ್ಟಿನಿಂದ ಕಿವಿ ಕೇಳದು, ನಾವು ಮಾತಾಡುವುದು ಕೈಸನ್ನೆಯಲ್ಲಿ. ತಾವು ನುಂಗಿದ ಇಪ್ಪತ್ತೈದು ಚಿತ್ರಗಳಲ್ಲಿ ನನ್ನ ಬೆರಳುಗಳಿದ್ದವು, ಸ್ವಾಮಿ!

"ಏನೋ, ಮಾತಾಡ್ತಿದ್ದೀಯೋ, ನೊಣ ಓಡಿಸ್ತಿದ್ದೀಯೋ?" ಎಂದು ಅಕ್ಕ ಸನ್ನೆಯಲ್ಲೇ ಹಂಗಿಸಿದಳು. ಆಮೇಲೆ ಮೆತ್ತಗಾಗಿ, "ಗುರುವಾರ ನನ್ನ ಬಲಗೈ ಮಣಿಕಟ್ಟಿನ ಆಪರೇಷನ್ ಕಣೋ. ಆರು ವಾರ ನನ್ನ ಬಾಯಿ ಕಟ್ಟಿದ ಹಾಗೇ. ನೀನಾದ್ರೂ ದಿನಾ ಬಂದು ಒಂದು ಕಥೆ ಹೇಳು," ಎಂದಳು. ಜೀವಮಾನವಿಡೀ ನನ್ನ ಮಾತಿಗೆ ಅಡ್ಡಬಂದ ಅಕ್ಕ ತಾನಾಗಿ ಪ್ರೇಕ್ಷಕಳಾಗಲು ಒಪ್ಪಿದ ಆ ಶುಭಗಳಿಗೆಯಲ್ಲಿ ತಾವು ತೆರೆ ಎಳೆದಿರಿ!

ತಮ್ಮ ಪ್ರೀತ್ಯರ್ಥವಾಗಿ ಲಿನಕ್ಸಿನ ಹೊಟ್ಟೆಯನ್ನೇ ಬಗೆದು ಹೊಸದಾಗಿ ಕಟ್ಟಿದೆ. ತಮ್ಮ ಬಾಲವನ್ನು ಇದ್ದಬದ್ದ ಕಿಂಡಿಗಳಿಗೆಲ್ಲ ಚುಚ್ಚಿದೆ. ತಮ್ಮನ್ನು ಕಂಪ್ಯೂಟರಿನೊಡನೆ ಮಾತಾಡಿಸುವ ಡ್ರೈವರ್ ಎಂಬ ತಂತ್ರಾಂಶ ಬರೆಯುವವರ, ಯಾರು ಬೇಕಾದರೂ ಓದಬಹುದಾದ ಮೇಲಿಂಗ್ ಲಿಸ್ಟಿಗೆ ಒಂಬೈನೂರು ಸಾಲಿನ ವರದಿ ಕಳಿಸಿ, ಅವರ ಡ್ರೈವರ್ ಕುಂಟೆಂದು ಲೋಕದೆದುರು ಘೋಷಿಸಿದೆ. ಅದನ್ನು ಬಿಡುವಿನ ವೇಳೆಯಲ್ಲಿ ಪುಕ್ಕಟೆ ನೋಡಿಕೊಳ್ಳುವ ವಿನಿಪೆಗ್‌ನ ವೆಂಡೆಲ್ ಎಂಬ ಪುಣ್ಯಾತ್ಮರು ಅಷ್ಟನ್ನೂ ಓದಿ, ನನ್ನ ಕೋಣೆಯ ಫೋಟೊ ತರಿಸಿಕೊಂಡು ಉತ್ತರಿಸಿದರು: "ಡ್ರೈವರ್ ನೆಟ್ಟಗಿದೆ ಸ್ವಾಮಿ. ಬೆಳಕು ಸಾಲದಿದ್ರೆ ಈ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಜಾಸ್ತಿ ಹೊತ್ತು ತಗೊಳ್ಳುತ್ತೆ. ಆ ಕರ್ಟನ್ ಸರಿಸಿ, ಒಂದು ದೀಪ ಹಾಕ್ತೀರಾ?"

ಕಪ್ಪು ಮಖಮಲ್ಲು ಇಳಿಬಿಟ್ಟು ಒಂದೇ ಮೇಣದಬತ್ತಿಯ ಮುಂದೆ ನಾನು ಕೂರುತ್ತಿದ್ದುದು ನಿಜ. ಕಥೆಗೆ ಕಳೆ ಬೇಡವೇ? ಆದರೆ ರಂಗದ ಬೆಳಕಿನ ಬಗ್ಗೆ ಊರಿಗೆಲ್ಲ ಪಾಠ ಹೇಳಿದವನಿಗೆ ತಾವಾದರೂ ಮೊದಲೇ ತಿಳಿಸಬಾರದಿತ್ತೇ? ಆದಕಾರಣ ಇನ್ನು ಮುಂದೆ ಕತ್ತಲಾದೊಡನೆ ತಾವು ಮೆಲ್ಲನೆ ಕೆಮ್ಮಬೇಕೆಂದೂ, ನನ್ನ ಬೋಳುತಲೆಯ ಹೊಳಪನ್ನು ಗೌರವಪೂರ್ವಕವಾಗಿ ಕಡೆಗಣಿಸಬೇಕೆಂದೂ, ಮೇಲಿಂಗ್ ಲಿಸ್ಟಿನಲ್ಲಿ ಸೂರ್ಯಚಂದ್ರರಿರುವವರೆಗೂ ಉಳಿಯಲಿರುವ ವೆಂಡೆಲ್ ಅವರ ಉತ್ತರವನ್ನು ಅಳಿಸಿಕೊಡಬೇಕೆಂದೂ ಪ್ರಾರ್ಥನೆ.

ಶುಕ್ರವಾರ ಮಧ್ಯಾಹ್ನ ಪರದೆಯ ಮೇಲೆ ಅಕ್ಕ ಬ್ಯಾಂಡೇಜಿನ ಬಲಗೈಯನ್ನು ದಿಂಬಿನ ಮೇಲಿಟ್ಟು ಕುಳಿತಿದ್ದಳು. ಮೂರು ದೀಪ ಹಚ್ಚಿ, ಸರೋವರದ ಮಂಜಿನಲ್ಲಿ ಸಿಕ್ಕಿಬಿದ್ದ ಹಡಗಿನ ಕಥೆಯನ್ನು ಆಡಿ ತೋರಿಸಿದೆ. ತಾವು ಮೂವತ್ತಕ್ಕೆ ಮೂವತ್ತೂ ಒಪ್ಪಿಸಿದಿರಿ. ಮುಗಿದಾಗ ಅವಳು ಎಡಗೈ ಮೇಲೆತ್ತಿ, ಬೆರಳು ಬಿಡಿಸಿ, ಗಾಳಿಯಲ್ಲಿ ತಿರುಗಿಸಿದಳು. ಕಿವಿ ಕೇಳದವರ ಸಭೆಯಲ್ಲಿ ಚಪ್ಪಾಳೆಯೆಂದರೆ ಅದೇ. ಅರ್ಧ ಚಪ್ಪಾಳೆ! ನಾನು ಎದ್ದು ನಿಂತು ನಮಸ್ಕರಿಸಿದೆ. ಆಮೇಲೆ ಅದೇ ಎಡಗೈ ತಡವರಿಸುತ್ತ, ಒಂದೊಂದೇ ಅಕ್ಷರವಾಗಿ, "ಉದ್ದ ಆಯ್ತು ಕಣೋ. ನಾಳೆ ಬಾ," ಎಂದಿತು.

ತಮ್ಮ ವಿಶ್ವಾಸಿ, ತಮ್ಮ ಬೆಳಕಿನ ಋಣದಲ್ಲಿರುವ
ಹಾಲ್ವರ್ ಲಿಂಡಾಲ್

ಮರೆತ ಮಾತು: ತಮ್ಮೊಳಗಿರುವ ಮೈಕು ಬಂದ ದಿನದಿಂದಲೂ ಕೆಲಸ ಮಾಡಿಲ್ಲವೆಂದು ನಿನ್ನೆ ತಿಳಿಯಿತು. ಗಾಬರಿ ಬೇಡ. ಈ ಎರಡು ಮನೆಗಳಲ್ಲಿ ಅದರ ಕೊರತೆ ಯಾರಿಗೂ ಕಂಡಿಲ್ಲ.