ವಾಡೆಯೊಳಗಿನ ದಾದಾ

ಶಿರಾ ಪೇಟೆಯ ಮೊತ್ತಮೊದಲ ಸ್ಟೀರಿಯೋ ನಮ್ಮ ಮನೆಯಲ್ಲೇ ಮೊಳಗಬೇಕು! ಅರವತ್ನಾಲ್ಕನೇ ಇಸವಿಯಲ್ಲಿ, ಶಾಲೆ ಬಿಟ್ಟ ವರ್ಷವೇ, ನಾನು ಮಾಡಿದ ಘನಘೋರ ಶಪಥವಿದು. ಮೇಷ್ಟರು ‘ಮುನೀರ್, ಎದ್ದು ಓದು’ ಎಂದರೆ ನಾನು ಬೀಳದ ಬಳಪ ಹುಡುಕುತ್ತ ಬೆಂಚಿನ ಕೆಳಗೆ ನುಗ್ಗುತ್ತಿದ್ದೆ. ಯಂತ್ರಗಳು ಯಾರನ್ನೂ ಎದ್ದು ಓದು ಎನ್ನುವುದಿಲ್ಲ. ಆದ್ದರಿಂದ ಯಂತ್ರಗಳನ್ನೇ ನಂಬಿದೆ.

ನಮ್ಮ ತಂದೆ, ಅಂದರೆ ಅಬ್ಬಾ, ಕಲಾಯಿ ಹಬೀಬ್ ಸಾಬ್. ಹಿತ್ತಾಳೆ ಪಾತ್ರೆ ಬೆಳ್ಳಿಯಂತೆ ಹೊಳೆಯಬೇಕೆಂದರೆ ಊರು ಅವರ ಕುಲುಮೆಗೇ ಬರಬೇಕು. ತಾಯಿಯಿಲ್ಲದ ನನ್ನನ್ನೂ ನನ್ನ ಅಕ್ಕ ಗೌಹರ್ ಆಪಾಳನ್ನೂ ಸಾಕಿದವರು ದಾದಿ, ಅಂದರೆ ಅಬ್ಬಾನ ತಾಯಿ ಅಫ್ಜಲುನ್ನೀಸಾ. ನಾವು ಮನೆಯಲ್ಲಿ ಆಡುವುದು ಉರ್ದು. ನಿಮಗಾಗಿ ಕನ್ನಡ ಮಾಡಿ ಬರೆದಿದ್ದೇನೆ.

ನನ್ನ ಯಂತ್ರ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಮೊದಲು ಕೈಯಲ್ಲಿ ತಿರುಗಿಸುವ ಗ್ರಾಮಫೋನು. ಅದಕ್ಕೆ ಹಿಡಿ ತೆಗೆದು ಕರೆಂಟಿನ ಮೋಟರು. ಆಮೇಲೆ ವಾಲ್ವ್ ಆಂಪ್ಲಿಫೈಯರ್. ವಾಲ್ವುಗಳನ್ನು ಕೊಟ್ಟವನು ಟೆಂಟ್ ಸಿನಿಮಾದ ಆಪರೇಟರ್ ದಾಸಣ್ಣ. ಆಮೇಲೆ ಒಂದು ಸ್ಪೀಕರು. ಅದರ ದನಿ ಕೀರಲಾಗಿದ್ದುದರಿಂದ ದಾದಿಯನ್ನು ಕಾಡಿ ಬೇಡಿ, ರಾಗಿ ತುಂಬಿಡುವ ಮಣ್ಣಿನ ವಾಡೆಯೊಂದನ್ನು ಖಾಲಿ ಮಾಡಿಸಿ ಅದರ ಬಾಯಿಗೆ ಕೂರಿಸಿದೆ. ಆಹಾ, ಆಗ ಬಂತು ನೋಡಿ, ಬಾವಿಯ ತಳದಿಂದ ಎದ್ದಂಥ ಗಂಭೀರ ನಾದ!

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ದಾಸಣ್ಣ ಕಿವಿಯಲ್ಲಿ ವಿಷ ಹೊಯ್ದ.

“ಲೇ ಮುನೀರ, ಬೆಂಗ್ಳೂರಾಗೆ ಎಡಕಿವೀಗೊಂದು ಸದ್ದು, ಬಲಕಿವೀಗೊಂದು ಸದ್ದು ಬಿಡ್ತಾರಂತೆ ಕಣ್ಲಾ. ರೈಲು ಈ ಕಿವೀಲಿ ನುಗ್ಗಿ ಆ ಕಿವೀಲಿ ಈಚೆಗೆ ಬರ್ತದಂತೆ!”

ಮುಗಿಯಿತು. ಎರಡನೇ ಆಂಪ್ಲಿಫೈಯರ್, ಎರಡನೇ ಸ್ಪೀಕರು, ಎರಡನೇ ವಾಡೆ! ನಡುಮನೆಯ ಎರಡು ಮೂಲೆಗಳಲ್ಲಿ ವಾಡೆಗಳು ದ್ವಾರಪಾಲಕರಂತೆ ನಿಂತವು. ಹೊರಗಿಟ್ಟ ರಾಗಿಯನ್ನು ಇಲಿಗಳು ಹಂಚಿಕೊಂಡವು. ದಾಸಣ್ಣ ತರಿಸಿಕೊಟ್ಟ ಪ್ಲೇಟು ಹಾಕಿದ ದಿನ ರೈಲು ಎಡವಾಡೆಯಿಂದ ಹೊರಟು ಬಲವಾಡೆಗೆ ಹೋಯಿತು. ನಡುವೆ ಕೂತಿದ್ದ ದಾದಿ ಕಾಲುಗಳನ್ನು ಮೇಲೆತ್ತಿಕೊಂಡರು.

“ನಮ್ಮೂರಿಗೆ ರೈಲಿಲ್ಲ ಅಂತ ಅಳುತ್ತಿದ್ದರು,” ಎಂದಳು ಆಪಾ. “ಈಗ ನನ್ನ ಅಡುಗೆಮನೆ ಮೇಲೇ ಬಂತು!”

ವಾಲ್ವುಗಳನ್ನು ಪದೇ ಪದೇ ಆರಿಸಿದರೆ ಆಯಸ್ಸು ಕಡಿಮೆಯಂತೆ. ನಾನು ಮೊದಲೇ ಜೋಪಾನದ ಮನುಷ್ಯ. ಹಗಲೂ ಇರುಳೂ ಉರಿಸಿಯೇ ಇಟ್ಟೆ.

ಮುಂಗಾರು ಶುರುವಾದ ಹೊಸತರಲ್ಲಿ ಒಂದು ಸಂಜೆ. ಮಗ್ರಿಬ್ ನಮಾಜಿನ ಹೊತ್ತು. ಶಿರಾದ ಕರೆಂಟು ಆ ವೇಳೆಗೆ ಬಳಲಿ, ಬಲ್ಬು ಕೆಂಡದ ಹಾಗೆ ಕೆಂಪಾಗುತ್ತದೆ. ಗೋಡೆಯ ಮೇಲೆ ನಮ್ಮ ನೆರಳೇ ನಮಗೆ ಗುರುತು ಸಿಗುವುದಿಲ್ಲ. ನಡುಮನೆಯಲ್ಲಿ ನಾನೊಬ್ಬನೇ ಇದ್ದೆ. ಎಡವಾಡೆಯೊಳಗೆ ಯಾರೋ ಕೆಮ್ಮಿದರು.

ಗ್ರಾಮಫೋನಿನ ಪೆಟ್ಟಿಗೆ ನೋಡಿದೆ. ಮುಚ್ಚಳ ಮುಚ್ಚಿತ್ತು. ಪ್ಲೇಟು ಚೀಲದಲ್ಲಿತ್ತು. ಮೋಟರು ತಣ್ಣಗಿತ್ತು.

“ಮಣ್ಣಿನ ಕೆಳಗೆ ಮಲಗಿರುತ್ತವೆ...” ಎಂದಿತು ವಾಡೆ, ಮೆಲ್ಲಗೆ, ಗಂಡಸಿನ ದನಿಯಲ್ಲಿ. “ಮೊದಲ ಮಳೆ ಬಿದ್ದ ಕೂಡಲೇ... ಒಂದೊಂದಾಗಿ ಮೇಲೇಳುತ್ತವೆ...”

ನಮ್ಮ ಹಿತ್ತಿಲಿನ ಆಚೆಗೇ ಖಬರಸ್ತಾನ. ಹಿಂದಿನ ವಾರವಷ್ಟೇ ಮೊದಲ ಮಳೆ ಬಿದ್ದಿತ್ತು. ನಾನು ಹೇಗೆ ಬೀದಿ ಮುಟ್ಟಿದೆನೋ ನನಗೆ ತಿಳಿಯದು. ಚಪ್ಪಲಿಗಳು ಮಾತ್ರ ಮನೆಯಲ್ಲೇ ಇದ್ದವು!

ಮರುದಿನ ತಪ್ಪಲೆಗೆ ಕಲಾಯಿ ಹಾಕಿಸಲು ಬಂದ ಪಕ್ಕದ ಮನೆಯ ಗಿರಿಯಮ್ಮ ಸಂಜೆಯವರೆಗೂ ಹರಟುತ್ತ ಕೂತರು. ಬಲ್ಬು ಕೆಂಪಾಯಿತು. ಎಡವಾಡೆ ಗೊಣಗಿತು. ಅದಕ್ಕುತ್ತರವಾಗಿ ಬಲವಾಡೆ ತೆಲುಗಿನಲ್ಲಿ ಏನೋ ಪಿಸುಗುಟ್ಟಿತು.

“ಅಯ್ಯೋ ನಮ್ಮವ್ವಾ! ಒಂದಲ್ಲ ಕಣಮ್ಮ, ಎರಡವೆ! ಎಡಗಡೇದು ನಮ್ಮ್ ಕಡೇದು, ಬಲಗಡೇದು ಪಾವಗಡದ್ದು! ಇಂಗೆ ಮನ್ಯಾಗೆ ದೆವ್ವ ಮಡೀಕಂಡು ಹೆಂಗ್ ಉಣ್ತೀರಮ್ಮ?”

ತಪ್ಪಲೆಯನ್ನು ಬಿಟ್ಟು ಓಡಿದರು.

ದಾದಿ ಮಾತ್ರ ಓಡಲಿಲ್ಲ. ನಮಾಜಿನ ಹಾಸು ಜಾನಮಾಜ್ ಮೇಲೆ ಕೂತಲ್ಲೇ ಕಣ್ಣು ತುಂಬಿಕೊಂಡು, “ಇಬ್ಬರಲ್ಲ, ಒಬ್ಬರೇ. ನಿಮ್ಮ ದಾದಾ,” ಎಂದರು.

ದಾದಾ ತೀರಿಕೊಂಡು ಬಹಳ ಕಾಲವಾಗಿತ್ತು. ಕುಲುಮೆಗೆ ಗಾಳಿ ಊದುವ ತಿದಿ ಹೊತ್ತು ಊರೂರು ತಿರುಗಿ ಕಲಾಯಿ ಹಾಕಿದವರು. “ಮಧುಗಿರಿ, ಕೊರಟಗೆರೆ ಅಂದರೆ ಕನ್ನಡ, ಪಾವಗಡ ಅಂದರೆ ತೆಲುಗು. ಗಿರಾಕಿಯ ಭಾಷೆಯೇ ಅವರ ಭಾಷೆ. ಸತ್ತ ಮೇಲೂ ಊರು ಸುತ್ತುವ ಫೇರಿ ಬಿಟ್ಟಿಲ್ಲ ನೋಡು!” ಎಂದರು ದಾದಿ.

ಅಂದಿನಿಂದ ದಾದಿ ಸಂಜೆಯಾದರೆ ಕಣ್ಣಿಗೆ ಸುರ್ಮಾ ಹಚ್ಚಿ, ತಲೆ ಬಾಚಿ ವಾಡೆಗಳ ನಡುವೆ ಕೂರತೊಡಗಿದರು. ಅವರು ಒಂದು ಮಾತು ಕೇಳುವುದು, ವಾಡೆ ಗೊಣಗುವುದು, ಅವರು ತಲೆ ಆಡಿಸುವುದು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತಂದೆಯ ಮುಂದೆ ಹಾಯುವುದು ಸರಿಯಲ್ಲವೆಂದು ಅಬ್ಬಾ ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದರು!

ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ಆಪಾಳಿಗೆ ಕಳ್ಳಂಬೆಳ್ಳದಿಂದ ಸಂಬಂಧ ಬಂದಿತ್ತು. ಹುಡುಗ ಇನಾಯತುಲ್ಲಾ. ‘ಹುಡುಗಿಯ ಜೊತೆಗೆ ಅವಳ ಹೊಲಿಗೆ ಮಿಷನ್ನೂ ಬರಲಿ, ಅವಳ ಕೆಲಸ ಅವಳು ಮಾಡಲಿ’ ಎಂದ ಗಂಡು ಅವನೊಬ್ಬನೇ. ಆಪಾ ಬಾಯಿಬಿಟ್ಟು ಒಪ್ಪಿಗೆ ಎನ್ನಲಿಲ್ಲ. ಆದರೆ ಮಿಷನ್ನಿಗೆ ಎಣ್ಣೆ ಬಿಟ್ಟು ಒರೆಸಿಟ್ಟಳು. ಶುಕ್ರವಾರ ಹಿರಿಯರು ಬರುವವರಿದ್ದರು. ಗುರುವಾರ ಸಂಜೆ ದಾದಿ ವಾಡೆಯನ್ನು ಕೇಳಿದರು: “ಕಳ್ಳಂಬೆಳ್ಳದ ಹುಡುಗ ಆಗಬಹುದೇ?”

ಎಡವಾಡೆ ಸ್ವಲ್ಪ ಯೋಚಿಸಿತು. ಆಮೇಲೆ ಸ್ಪಷ್ಟವಾಗಿ ಹೇಳಿತು:

“ಈ ತಳಿ ನಮ್ಮ ಭಾಗಕ್ಕೆ ಒಗ್ಗುವುದಿಲ್ಲ. ನೋಡಲು ಹುಲುಸಾಗಿದ್ದರೂ ಒಳಗೆ ಟೊಳ್ಳು.”

“ಸಂಬಂಧ ಬೇಡ,” ಎಂದು ದಾದಿ ಎದ್ದರು.

ಆಪಾ ಕತ್ತರಿ ಹಿಡಿದೇ ನನ್ನ ಬಳಿ ಬಂದಳು. “ಮುನೀರ್! ನಾನು ಮದುವೆಯಾಗಬೇಕೋ ಬೇಡವೋ ಅನ್ನುವುದನ್ನು ರಾಗಿ ವಾಡೆ ಹೇಳಬೇಕೇನೋ?”

“ಆಪಾ, ಅದು ದಾದಾ ಅಂತ...”

“ದಾದಾನೋ ದೆವ್ವವೋ! ನಾಳೆ ಸಂಜೆಗೆ ಅದರ ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ನಿನ್ನನ್ನೇ ವಾಡೆಯೊಳಗೆ ಹಾಕಿ ಬಾಯಿ ಹೊಲಿಯುತ್ತೇನೆ!”

ಭಯಕ್ಕಿಂತ ಆಪಾ ದೊಡ್ಡವಳು. ಎದೆ ಗಟ್ಟಿ ಮಾಡಿಕೊಂಡು ಆಗಲೇ ಎಡವಾಡೆಗೆ ಕಿವಿ ಒತ್ತಿ ಕೂತೆ. ಬೇರುಹುಳ, ಗೊಬ್ಬರ, ನೇಗಿಲು. ಕೊನೆಗೆ ದೆವ್ವ ತನ್ನ ಪರಿಚಯವನ್ನು ತಾನೇ ಹೇಳಿಕೊಂಡಿತು: “ಇದು ಆಕಾಶವಾಣಿ. ಇಲ್ಲಿಗೆ ರೈತರ ಕಾರ್ಯಕ್ರಮ ಮುಗಿಯಿತು.”

ಬೆಳಗಾಗುವುದನ್ನೇ ಕಾದು ದಾಸಣ್ಣನ ಬಳಿ ಓಡಿದೆ.

“ಬೆಸುಗೆ ಕೆಟ್ಟಿದ್ರೆ ಅಂಗೇ ಕಣ್ಲಾ,” ಎಂದ. “ಆಂಪ್ಲಿಫೈಯರ್ರೇ ರೇಡಿಯೋ ಆಗ್ಬುಡ್ತದೆ, ಒಂದು ಕನ್ನಡ ಟೇಸನ್ ಹಿಡೀತದೆ, ಇನ್ನೊಂದು ತೆಲುಗು. ನಮ್ಮ್ ಟೆಂಟ್ನಾಗೆ ಒಂದ್ಸಲ ಹೀರೋಯಿನ್ ಸಾಯೋ ಹೊತ್ಗೆ ವಾರ್ತೆ ಸುರುವಾಗ್ಬುಡ್ತು! ಅದ್ಸರಿ, ನೀನು ಹೆಂಗೆ ಬೆಸೆದಿದ್ದೆ?”

ಮನೆಯಲ್ಲಿ ಕೆಲಸವಿದೆಯೆಂದು ಅಲ್ಲಿಂದ ಕಾಲ್ತೆಗೆದೆ. ಹೇಗೆ ಹೇಳಲಿ? ಕಲಾಯಿಯವರ ಮನೆಯಲ್ಲಿ ತವರ ಹತ್ತಿಸುವುದೆಂದರೆ ಮೊದಲು ನವಸಾಗರವೆಂಬ ಉಪ್ಪನ್ನು ಉಜ್ಜುವುದು. ತಪ್ಪಲೆಗೆ ಉಜ್ಜಿ ತೊಳೆದರೆ ಸರಿ. ನಾನು ಅದನ್ನೇ ಕೂದಲೆಳೆಯಂಥ ತಂತಿಗಳಿಗೂ ಉಜ್ಜಿ, ತೊಳೆಯದೆ ಬೆಸೆದಿದ್ದೆ. ಬಿಚ್ಚಿ ನೋಡಿದರೆ ಒಂದೊಂದು ಬೆಸುಗೆಯೂ ಹಸಿರು ಕಿಲುಬು ಹಿಡಿದು ಪಾಚಿಗಟ್ಟಿದ ಹಾಗಿತ್ತು. ತಟ್ಟನೆ ಮುಚ್ಚಿದೆ. ಅಬ್ಬಾ ಕಂಡರೆ ದೆವ್ವವೇ ವಾಸಿ ಎನಿಸುತ್ತಿತ್ತು!

“ದಾದಿ, ಅದು ದಾದಾ ಅಲ್ಲ. ರೇಡಿಯೋ,” ಎಂದೆ.

“ನಮ್ಮ ಮನೆಯಲ್ಲಿ ರೇಡಿಯೋ ಇದೆಯಾ?”

“ಇಲ್ಲ.”

“ಮತ್ತೆ?”

ಸ್ವಿಚ್ಚಿಗೆ ಕೈ ಹಾಕಿದೆ. “ಅವರ ಬಾಯಿ ಮುಚ್ಚಿಸುತ್ತೀಯಾ?” ಎಂದು ಕೈಗೆ ಏಟು ಬಿತ್ತು. ದಾದಿ ಸ್ವಿಚ್ಚಿನ ಕೆಳಗೇ ಚಾಪೆ ಹಾಕಿಕೊಂಡು ಕೂತುಬಿಟ್ಟರು.

ಶುಕ್ರವಾರ ಸಂಜೆ. ಕಳ್ಳಂಬೆಳ್ಳದ ಹಿರಿಯರು ಜಗಲಿಯ ಮೇಲೆ ಚಹಾ ಕುಡಿಯುತ್ತಿದ್ದರು. ಇಲ್ಲವೆನ್ನುವ ಮಾತನ್ನು ಬಾಯಲ್ಲಿ ಹಿಡಿದುಕೊಂಡು ಅಬ್ಬಾ ಬೆವರುತ್ತಿದ್ದರು. ಒಳಗೆ ಬಲ್ಬು ಕೆಂಪಾಯಿತು.

“ಕೊನೆಯ ಸಲ ಕೇಳಿಬಿಡಿ ದಾದಿ,” ಎಂದಳು ಆಪಾ, ನನ್ನತ್ತ ಕಣ್ಣು ಬಿಟ್ಟು.

ನಾನು ವಾಡೆಯ ಹಿಂದೆ ತೆವಳಿದೆ. ಜೇಡರಬಲೆ ಬಾಯಿಗೆ ಬಂತು. ಎಡವಾಡೆಯಲ್ಲಿ ಗಂಟಲು ಸರಿಪಡಿಸಿಕೊಳ್ಳುವ ಸದ್ದು. ಕಣ್ಣು ಮುಚ್ಚಿ ತಂತಿ ಕಿತ್ತೆ. ಇನ್ನೊಂದು ಮೂಲೆಗೆ ತೆವಳಿ ಅದನ್ನೂ ಕಿತ್ತೆ. ಎರಡು ವರ್ಷ ಮುತ್ತಿನಂತೆ ಪೋಣಿಸಿದ ನನ್ನ ಸ್ಟೀರಿಯೋ ಸತ್ತಿತು. ಮನೆಯಲ್ಲಿ ಗೋಡೆ ಉಸಿರಾಡಿದರೂ ಕೇಳಿಸುವಂಥ ಮೌನ.

ದಾದಿ ಕೇಳಿದರು. ವಾಡೆಗೆ ಕಿವಿ ಹಚ್ಚಿದರು. “ಹೂಂ,” ಎಂದರು. ಮತ್ತೆ, “ಹೂಂ... ಹೂಂ.” ಒಮ್ಮೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊಸ ಮದುವಣಗಿತ್ತಿಯಂತೆ ನಕ್ಕರು. ಆಮೇಲೆ ಎದ್ದು, “ಒಪ್ಪಿಗೆಯಂತೆ. ಸಕ್ಕರೆ ಹಂಚು,” ಎಂದರು.

ಆಪಾ ಅಡುಗೆಮನೆಗೆ ಓಡಿದ ರಭಸಕ್ಕೆ ಗಿರಿಯಮ್ಮನ ತಪ್ಪಲೆ ಉರುಳಿತು.

ನಾನು ಕೈಯಲ್ಲಿದ್ದ ತಂತಿಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಈಚೆ ಬಂದೆ. “ದಾದಾ ಇವತ್ತು ಮಾತೇ ಆಡಲಿಲ್ಲವಲ್ಲ ದಾದಿ?”

“ಆಡಲಿಲ್ಲವೇ! ನಿನ್ನ ಕಿವಿಗೇನಾಗಿದೆ? ಇವತ್ತೇ ಎಲ್ಲಕ್ಕಿಂತ ಸ್ಪಷ್ಟ. ನಮ್ಮ ಉರ್ದುವಿನಲ್ಲಿ!”

ಬೆನ್ನ ಹಿಂದಿನ ತಂತಿಗಳನ್ನು ಬೆರಳಲ್ಲೇ ಎಣಿಸಿದೆ: ಎರಡೂ ಕೈಯಲ್ಲೇ ಇದ್ದವು.

“ನಿನ್ನ ವಿಷಯವೂ ಬಂತು,” ಎಂದರು ದಾದಿ ಸಮಾಧಾನವಾಗಿ. “ಕಲಾಯಿಯವನ ಮೊಮ್ಮಗ ನವಸಾಗರ ತೊಳೆಯದೆ ಬೆಸೆದಿದ್ದಾನಲ್ಲ, ಸಮಾಧಿಯೊಳಗೆ ನನ್ನ ಮಾನ ಹೋಯಿತು, ನಾಳೆಯಿಂದಲೇ ಅವನನ್ನು ತಿದಿ ಒತ್ತಲು ಕೂರಿಸು ಅಂದರು.”

ಆ ನವಸಾಗರದ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಮರುದಿನದಿಂದ ತಿದಿ ಒತ್ತುತ್ತಿದ್ದೇನೆ!