ಕಡೂರಿನ ಹಿತ್ತಾಳೆ ಬಿಲ್ಲೆಯವರಿಗೆ, ಗಂಡನ ಹೆಸರಿನ ವಿಚಾರವಾಗಿ

ಅಜ್ಜಂಪುರ
೧೨ ಆಗಸ್ಟ್ ೧೯೮೩

ಗೆ,
ಬಿಲ್ಲೆ ನಂಬರ್ ನಲವತ್ತೊಂದು,
ನಗದು ಕೌಂಟರ್, ಕಡೂರು.

ಮಾನ್ಯರೇ,

ದುಂಡು ಮುಖದ, ತೂತು ನೆತ್ತಿಯ, ಊರಿನವರೆಲ್ಲರ ಅಂಗೈ ಬೆವರಿನಿಂದ ನುಣುಪಾಗಿ ಹೊಳೆಯುವ ತಮಗೆ ಅಜ್ಜಂಪುರದ ಸನಾವುಲ್ಲಾ ಎಂಬ ಸಾಮಾನ್ಯ ಮನುಷ್ಯ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಸೇವೆ ಸಲ್ಲಿಸುತ್ತಿರುವ ಬ್ಯಾಂಕಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ದೊಡ್ಡವರ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆಯನ್ನು ಪಾಲಿಸಿದ ತಪ್ಪಿಗೇ ಪಂಚನಹಳ್ಳಿಯ ತಿಮ್ಮಕ್ಕ ಎಂಬ ಹೆಂಗಸು ತಮ್ಮ ಕೌಂಟರಿನಲ್ಲಿ ತನ್ನ ದುಡ್ಡು ಕಳೆದುಕೊಂಡಿದ್ದಾಳೆಂದು ತಮ್ಮ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಪತ್ರದ ಉದ್ದೇಶ.

ಮ್ಯಾನೇಜರ್ ಸಾಹೇಬರನ್ನು ಬಿಟ್ಟು ತಮಗೇಕೆ ಬರೆಯುತ್ತಿದ್ದೇನೆಂದು ತಾವು ಹುಬ್ಬೇರಿಸಬಹುದು, ಹುಬ್ಬು ಇದ್ದಿದ್ದರೆ. ಸಾಹೇಬರೇ ನನ್ನನ್ನು ತಮ್ಮ ಬಳಿಗೆ ಕಳಿಸಿದ್ದಾರೆ. "ಬಿಲ್ಲೆ ತಂದೋರಿಗೆ ದುಡ್ಡು ಕೊಡ್ತೀವಿ, ಅಷ್ಟೇ ರೂಲು. ಯಾರ ಕೈಲಿತ್ತು ಅಂತ ಬೇಕಾದ್ರೆ ಹೋಗಿ ಆ ಬಿಲ್ಲೇನೇ ಕೇಳ್ರಿ" ಎಂದು ಅವರು ಮೇಜು ಗುದ್ದಿ ಹೇಳಿದ್ದರಿಂದ, ಮೇಲಧಿಕಾರಿಗಳ ಆದೇಶವನ್ನು ಶಿರಸಾವಹಿಸಿ ತಮ್ಮನ್ನೇ ಕೇಳುತ್ತಿದ್ದೇನೆ.

ತಿಮ್ಮಕ್ಕ ಯಾರೆಂದು ತಾವು ಮರೆತಿರಲಿಕ್ಕೂ ಸಾಕು. ಅವಳು ತೆಂಗಿನ ನಾರಿನ ಹುರಿ ಹೊಸೆಯುವವಳು. ನಾರು ಅವಳದು, ಕೈ ಅವಳದು, ಕೈ ಮೇಲಿನ ಬೊಬ್ಬೆ ಅವಳದು. ರಾಟೆ ಮಾತ್ರ ಮಂಡಿ ಮಾಲೀಕನದು. ಹೊಸೆದ ಹುರಿಯಲ್ಲಿ ಒಳ್ಳೆಯ ಪಾಲನ್ನು ರಾಟೆಯ ಬಾಡಿಗೆಯೆಂದು ಅವನ ಮುಂದೆ ಸುರಿದು, ಉಳಿದದ್ದನ್ನು ಅವನಿಗೇ ಅವನು ಹೇಳಿದ ಬೆಲೆಗೆ ಮಾರಿ ಮನೆಗೆ ಬರಬೇಕು. ತನ್ನದೇ ಒಂದು ರಾಟೆ ಆಗಬೇಕೆಂಬ ಆಸೆಯಿಂದ ಅವಳು ಎಲೆ ಅಡಿಕೆ ಬಿಟ್ಟಳು, ಬಸ್ಸು ಬಿಟ್ಟು ನಡೆದಳು, "ಬ್ಯಾಂಕು ಬಡವರ ಮನೆ ಬಾಗಿಲಿಗೆ" ಎಂಬ ಬೋರ್ಡು ನೋಡಿ ತಾನೇ ಬ್ಯಾಂಕಿನ ಬಾಗಿಲಿಗೆ ಹೋಗಿ ಉಳಿತಾಯದ ಖಾತೆ ತೆರೆದಳು. ತರೀಕೆರೆಯಲ್ಲಿ ರಾಟೆ ಮಾಡುವ ದಾವೂದ್ ಸಾಬ್ ಒಂದನ್ನು ಅವಳಿಗೆಂದೇ ಎತ್ತಿಟ್ಟು, "ಅಕ್ಕಾ, ಗೌರಿ ಹಬ್ಬದ ಗಂಟ ಇದನ್ನ ಯಾರಿಗೂ ಕೊಡಲ್ಲ, ಆಮೇಲೆ ನನ್ನ ಬಯ್ಬ್ಯಾಡ" ಎಂದು ಮಾತು ಕೊಟ್ಟಿದ್ದ. ಆ ರಾಟೆಗಾಗಿ ದುಡ್ಡು ಬಿಡಿಸಿಕೊಳ್ಳಲು ಅವಳು ಕಳೆದ ತಿಂಗಳು ಸಂತೆಯ ದಿನ ಒಬ್ಬಳೇ ಕಡೂರಿಗೆ ಬಂದಳು.

ಅಂದು ನಡೆದದ್ದನ್ನು ತಾವು ಗುಮಾಸ್ತರ ಮೇಜಿನ ಮೇಲೆ ಮಲಗಿ ಕಣ್ಣಾರೆ ಕಂಡಿದ್ದೀರಿ. ಆದರೂ ಈ ಬಹಿರಂಗ ಪತ್ರವನ್ನು ಓದುವ ಸಾರ್ವಜನಿಕರಿಗಾಗಿ ಬರೆಯುತ್ತೇನೆ. ಅವಳ ಖಾತೆ ಇರುವುದು 'ತಿಮ್ಮಕ್ಕ ಕೋಂ' ಇಂಥವನು ಎಂದು. ಕೋಂ ಎಂದರೆ ಇಂಥವನ ಹೆಂಡತಿ ಎಂದು ಅರ್ಥ. ಹೆಂಗಸಿನ ದುಡ್ಡಿಗೂ ಒಬ್ಬ ಗಂಡ ಬೇಕೆಂಬುದು ಅಮಲ್ದಾರರ ಕಾಲದಿಂದ ಬಂದ ಭದ್ರತೆ. ಗುಮಾಸ್ತರು ಅವಳ ಹೆಬ್ಬೆಟ್ಟನ್ನು ಇಂಕಿನಲ್ಲಿ ಅದ್ದಿ ಚೀಟಿಗೆ ಒತ್ತಿಸಿ, "ತಿಮ್ಮಕ್ಕ ಕೋಂ... ಯಾರಮ್ಮ? ಗಂಡನ ಹೆಸ್ರು ಹೇಳು" ಎಂದರು.

ತಿಮ್ಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅದ್ರಾಗೇ ಬರ್ದೈತಲ್ಲ ಸ್ವಾಮಿ."

"ಬರ್ದಿರೋದು ನಂಗೊತ್ತು. ನಿಂಗೊತ್ತಾ ಅಂತ ಕೇಳ್ತಿರೋದು."

"ದೇವ್ರ ಹೆಸ್ರು ಕಣ್ರೀ."

ಬೆಂಚಿನ ಮೇಲೆ ಕೂತಿದ್ದವರಿಗೆ ಹೊತ್ತು ಹೋಗದೆ ಬೇಸರವಾಗಿತ್ತು. ಒಬ್ಬ "ರಂಗಯ್ಯನಾ?" ಎಂದ. ಇನ್ನೊಬ್ಬ "ಈರಣ್ಣ ಇರ್ಬೇಕು ಬಿಡ್ರೀ" ಎಂದ. ತಿಮ್ಮಕ್ಕ ತಲೆಯಾಡಿಸಿ, "ಅವ್ರಲ್ಲ, ಡೊಳ್ಳು ಬಡೀತಾರಲ್ಲ, ಆ ದೇವ್ರು" ಎಂದಳು. "ಹಂಗಾದ್ರೆ ಬೀರಪ್ಪ!" ಎಂದು ನಾಲ್ಕು ಕಡೆಯಿಂದ ಕೂಗು ಬಂತು. "ಹ್ಞೂಂ, ಅದ್ರಾಗೆ ದೊಡ್ಡೋನಲ್ಲ" ಎಂದು ಅವಳು ಗೋಡೆಯ ಕಡೆ ತಿರುಗಿದಳು. ಪಕ್ಕದಲ್ಲಿ ಕೂತಿದ್ದ ಹಸಿರು ಸೀರೆಯ ಹೆಂಗಸೊಬ್ಬಳು ತೊಡೆ ತಟ್ಟಿಕೊಂಡು, "ಚಿಕ್ಕಬೀರಪ್ಪ ಕಣ್ರೀ, ಬರ್ಕಳ್ರೀ!" ಎಂದು ಬಿಡಿಸಿಬಿಟ್ಟಳು. ಬ್ಯಾಂಕೆಲ್ಲ ನಕ್ಕಿತು. ಕಷ್ಟದಿಂದ ಪಾರು ಮಾಡಿದ ಆ ಪುಣ್ಯಾತ್ಗಿತ್ತಿಯನ್ನು ನೋಡಿ ತಿಮ್ಮಕ್ಕನೂ ನಕ್ಕಳು. ಹೀಗೆ ಅವಳ ಖಾತೆಯ ಗುಟ್ಟು ಸಂತೆಯ ಜನದ ಮುಂದೆ ಒಗಟಿನಂತೆ ಬಿಡಿಸಲ್ಪಟ್ಟು, ಕೌಂಟರಿನಲ್ಲಿ ದುಡ್ಡು ಪಡೆಯುವ ಸರದಿಯ ಗುರುತಾಗಿ ತಾವು ಅವಳ ಅಂಗೈ ಸೇರಿದಿರಿ.

ಇಲ್ಲಿ ಆ ಹೆಂಗಸು ಒಂದು ಮಹಾಪರಾಧ ಮಾಡಿದಳು. ತನ್ನ ಹೆಬ್ಬೆಟ್ಟು ನೋಡಿಕೊಂಡಳು. ಇಂಕು ಕಪ್ಪಗೆ ಮೆತ್ತಿಕೊಂಡಿತ್ತು. ಬರುತ್ತಿರುವುದು ಲಕ್ಷ್ಮಿ, ಕೊಳಕು ಕೈಯಲ್ಲಿ ಹೇಗೆ ಇಸಿದುಕೊಳ್ಳುವುದು ಎಂದು ಹೊರಗಿನ ನಲ್ಲಿಗೆ ಕೈ ತೊಳೆಯಲು ಹೊರಟಳು. ತಾವು ಜಾರಿ ಚರಂಡಿಗೆ ಬಿದ್ದೀರೆಂಬ ಭಯದಿಂದ, ತಮ್ಮ ಭದ್ರತೆಗಾಗಿಯೇ, "ಒಸಿ ಹಿಡ್ಕಂಡಿರವ್ವ, ಈಗ್ ಬಂದೆ" ಎಂದು ತಮ್ಮನ್ನು ಹಸಿರು ಸೀರೆಯವಳ ಕೈಯಲ್ಲಿಟ್ಟಳು. ಗಂಡನ ಹೆಸರನ್ನೇ ಯಾರ ಬಾಯಿಗೆ ಬಿಟ್ಟಿದ್ದಳೋ ಅವಳ ಕೈಯಲ್ಲಿ ಒಂದು ಹಿತ್ತಾಳೆ ಚೂರು ಬಿಡುವುದು ಅವಳಿಗೆ ದೊಡ್ಡದಾಗಿ ಕಾಣಲಿಲ್ಲ.

ಅಷ್ಟರಲ್ಲಿ ಕ್ಯಾಷಿಯರ್ ಮಹಾಶಯರು ನಲವತ್ತೊಂದು ಎಂದು ಕೂಗಿದರು. ಹಣ ಕೊಡುವಾಗ ಇನ್ನೊಂದು ಸಲ ಹೆಬ್ಬೆಟ್ಟು ತೆಗೆದುಕೊಳ್ಳಬೇಕೆಂಬುದು ನಿಯಮ. ಆದರೆ ಇಡೀ ಶಾಖೆಗೆ ಇಂಕಿನ ಪ್ಯಾಡು ಇರುವುದು ಒಂದೇ, ಅದು ಗುಮಾಸ್ತರ ಮೇಜಿನ ಮೇಲೆ. ಅದನ್ನು ತರಲು ಕ್ಯಾಷಿಯರ್ ಎದ್ದು ಹೋದರೆ ನಗದು ಪೆಟ್ಟಿಗೆ ಅನಾಥವಾಗುತ್ತದೆ, ಅದರಿಂದ ಭದ್ರತೆಗೆ ಧಕ್ಕೆ. ಆದ್ದರಿಂದ ಭದ್ರತೆಯ ದೃಷ್ಟಿಯಿಂದ ಹೆಬ್ಬೆಟ್ಟನ್ನು ಕೈಬಿಟ್ಟು, ಕೂತಲ್ಲಿಂದಲೇ ಗಂಡನ ಹೆಸರು ಕೇಳುವ ಪದ್ಧತಿಯನ್ನು ಇವರು ಜಾರಿಗೆ ತಂದಿದ್ದಾರೆ. ಈ ಪ್ರಗತಿಯನ್ನು ನಾವು ಎಷ್ಟು ಹೊಗಳಿದರೂ ಕಡಿಮೆಯೇ. ಹಸಿರು ಸೀರೆಯವಳು ತಮ್ಮನ್ನು ಕೌಂಟರಿನ ಮೇಲಿಟ್ಟು "ಚಿಕ್ಕಬೀರಪ್ಪ" ಎಂದು ಗಂಟೆ ಹೊಡೆದಂತೆ ಹೇಳಿದಳು, ದುಡ್ಡು ಮಡಿಲಿಗೆ ಸುರಿದುಕೊಂಡಳು, ಸಂತೆಯಲ್ಲಿ ಕರಗಿಹೋದಳು.

ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ತಿಮ್ಮಕ್ಕ ಒಳಗೆ ಬಂದಾಗ ಬೆಂಚು ಖಾಲಿ. ಕೌಂಟರಿಗೆ ಓಡಿದಳು. "ನಲವತ್ತೊಂದಾ? ತಿಮ್ಮಕ್ಕ ಆಗ್ಲೇ ದುಡ್ಡು ಇಸ್ಕಂಡು ಹೋದ್ಲಲ್ಲಮ್ಮ" ಎಂದರು ಕ್ಯಾಷಿಯರ್.

"ನಾನೇ ಕಣ್ ಸ್ವಾಮಿ ತಿಮ್ಮಕ್ಕ!"

"ಹಂಗಾದ್ರೆ ಹೋದೋಳು ಯಾರು?"

ದುಡ್ಡು ಕೊಟ್ಟವರು ಇವರು, ಉತ್ತರ ಕೊಡಬೇಕಾದವಳು ಅವಳು!

ಮಾನ್ಯರೇ, ತಮಗೆ ಗಂಡನಿಲ್ಲ, ಆದ್ದರಿಂದ ತಿಳಿಯಲಿಕ್ಕಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನಲ್ಲಿ ಗಂಡನ ಹೆಸರನ್ನು ತಡವರಿಸದೆ ಹೇಳುವ ಹಳ್ಳಿ ಹೆಂಗಸು ಆತನ ಹೆಂಡತಿಯಂತೂ ಅಲ್ಲವೆಂಬುದು ದನ ಕಾಯುವವರಿಗೂ ಗೊತ್ತಿರುವ ವಿಷಯ. ನಮ್ಮ ಮನೆಯಲ್ಲಿ ನನ್ನ ತಾಯಿ ಹಜೀರಾಬಿ ನಮ್ಮ ತಂದೆಯನ್ನು ಇವತ್ತಿಗೂ 'ಸನಾವುಲ್ಲಾನ ಅಬ್ಬಾ' ಎಂದೇ ಕರೆಯುತ್ತಾಳೆ. ನಾನು ಹುಟ್ಟುವ ಮೊದಲು ಏನೆಂದು ಕರೆಯುತ್ತಿದ್ದಳೋ, ಕೆಮ್ಮುತ್ತಿದ್ದಳೋ ಏನೋ. ಇದೇನು ಘನವಾದ ಪದ್ಧತಿಯೆಂದು ನಾನು ವಾದಿಸುತ್ತಿಲ್ಲ. ಗಂಡ ಹೆಂಡತಿಯನ್ನು ಲೇ ಎನ್ನಬಹುದು, ಹೆಂಡತಿ ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಕಡಿಮೆ ಎಂಬ ಈ ಮೋಸವನ್ನು ನಾನು ನಮ್ಮ ನಾರು ಕೆಲಸದವರ ಸಂಘದ ಊರೂರಿನ ಸಭೆಗಳಲ್ಲಿ ಬೈದಿದ್ದೇನೆ. ಪಂಚನಹಳ್ಳಿಯಲ್ಲಿ ಹಾಗೆ ಬೈದಾಗ ಇದೇ ತಿಮ್ಮಕ್ಕ ಎದ್ದು ನಿಂತು, "ನಿನ್ನ ಭಾಷ್ಣ ಸರಿಯಾಗೈತೆ ಕಣಪ್ಪ, ನಾಲ್ಗೆ ಏಳ್ಬೇಕಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ಅವಳ ನಾಲಿಗೆಗೆ ಆ ಬೀಗ ಹಾಕಿದವರು ನಾವು ಗಂಡಸರು. ಅದೇ ಬೀಗವನ್ನು ಅವಳ ಪೆಟ್ಟಿಗೆಗೂ ಹಾಕಿ, ಕೀಲಿಯನ್ನು ಬಂದವರಿಗೆಲ್ಲ ಹಂಚಿದವರು ತಾವು.

ಅದರ ಮರುವಾರ ತಿಮ್ಮಕ್ಕ, ಅವಳ ಗಂಡ ಮತ್ತು ನಾನು ಮ್ಯಾನೇಜರ್ ಸಾಹೇಬರ ಕೋಣೆಗೆ ಹೋದೆವು. ಸಾಹೇಬರು ವಿಚಾರಣೆಯನ್ನು ಬಹಳ ಕ್ರಮಬದ್ಧವಾಗಿ ಆರಂಭಿಸಿದರು. "ಏನಮ್ಮ, ನಿನ್ನ ಗಂಡನ ಹೆಸರು ಹೇಳು ನೋಡೋಣ." ತಿಮ್ಮಕ್ಕ ನೆಲ ನೋಡಿದಳು. "ನೋಡ್ರಿ ಇವ್ರೇ," ಎಂದು ಸಾಹೇಬರು ನನ್ನ ಕಡೆ ತಿರುಗಿದರು, "ಆವತ್ತು ಬಂದೋಳು ಪಟ್ ಅಂತ ಹೇಳಿದ್ಲಂತೆ. ಈಯಮ್ಮ ಗಂಡನ್ನ ಪಕ್ಕದಲ್ಲೇ ನಿಲ್ಲಿಸ್ಕೊಂಡು ಹೇಳಕ್ಕಾಗ್ದೆ ಒದ್ದಾಡ್ತಿದಾಳೆ. ಅನುಮಾನ ಯಾರ ಮೇಲೆ ಬರ್ಬೇಕು?" ನಿಮ್ಮ ತಾಯಿಯವರು ನಿಮ್ಮ ತಂದೆಯವರನ್ನು ಏನೆಂದು ಕರೆಯುತ್ತಾರೆಂದು ನಾನು ವಿನಯದಿಂದ ಕೇಳಿದೆ. ಅದು ಬ್ಯಾಂಕಿನ ವ್ಯವಹಾರಕ್ಕೆ ಸಂಬಂಧಪಟ್ಟದ್ದಲ್ಲವೆಂದು ಅವರು ತಿಳಿಸಿದರು. ಚೀಟಿಯ ಮೇಲಿನ ಹೆಬ್ಬೆಟ್ಟನ್ನು ಇವಳದರ ಜೊತೆ ಹೋಲಿಸಿ ಎಂದರೆ, ಅದು ದುಡ್ಡು ಕೇಳಿದ್ದಕ್ಕೆ ಗುರುತೇ ಹೊರತು ಇಸಿದುಕೊಂಡದ್ದಕ್ಕಲ್ಲವಂತೆ. ಪಕ್ಕದಲ್ಲಿರುವವನೇ ಚಿಕ್ಕಬೀರಪ್ಪ, ಅವನನ್ನೇ ಕೇಳಿ ಎಂದೆ. ಅವನು ಖಾತೆದಾರನಲ್ಲವಂತೆ. ಹೆಸರು ಬೇಕು, ಹೆಸರಿನ ಮನುಷ್ಯ ಬೇಡ.

ಆಗ ತಿಮ್ಮಕ್ಕ ತಲೆ ಎತ್ತದೆಯೇ ಹೇಳಿದಳು. "ಚಿಕ್ಕಬೀರಪ್ಪ."

ಬಾಗಿಲ ಬಳಿ ತಲೆವಸ್ತ್ರವನ್ನು ಕೈಯಲ್ಲಿ ಹಿಡಿದು ನಿಂತಿದ್ದ ಚಿಕ್ಕಬೀರಪ್ಪ, ಯಾರೋ ಕರೆದರೆಂದು "ಓ" ಎಂದುಬಿಟ್ಟ. ಕರೆದದ್ದು ಯಾರೆಂದು ಅವನಿಗೆ ಆಮೇಲೆ ಹೊಳೆದಿರಬೇಕು. ಅವನು ವಸ್ತ್ರವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಸಂತೆಯ ದಿನ ಅಷ್ಟು ನಕ್ಕು, ಈಗ ಸಾಕ್ಷಿಗೆಂದು ಬಂದು ನಿಂತಿದ್ದ ಗುಮಾಸ್ತರೂ ನಗಲಿಲ್ಲ.

ಸಾಹೇಬರು ಪೆನ್ನಿನ ಟೋಪಿ ಹಾಕಿದರು. "ಸರಿ, ಹೇಳಿದ್ಲು. ಆದ್ರೆ ಆವತ್ತಿನೋಳೂ ಹೀಗೇ ಹೇಳಿದ್ಲಲ್ರೀ. ಇಬ್ರಲ್ಲಿ ಯಾರು ತಿಮ್ಮಕ್ಕ ಅಂತ ನಾನು ಹೇಗೆ ಹೇಳ್ಲಿ?"

ಹೇಳದಿದ್ದಾಗ ಹೇಳಲಿಲ್ಲವೆಂದು ಕಳ್ಳಿ, ಹೇಳಿದಾಗ ಕಳ್ಳಿಯೂ ಹೇಳಿದ್ದಳೆಂದು ಕಳ್ಳಿ. ಇಂಥ ಪರೀಕ್ಷೆಯನ್ನು ರೂಪಿಸಿದ ಮಹನೀಯರಿಗೆ ಒಂದು ಶಾಲು ಹೊದಿಸಬೇಕೆಂದು ನಮ್ಮ ಸಂಘ ತೀರ್ಮಾನಿಸಿದೆ. ಶಾಲಿನ ನೂಲಿಗೆ ಪಂಚನಹಳ್ಳಿಯ ಒರಟು ನಾರನ್ನೇ ಬಳಸಲಾಗುವುದು.

ಬಸ್ಸಿನಲ್ಲಿ ಬರುವಾಗ ತಿಮ್ಮಕ್ಕ ನನ್ನ ಕಡೆ ತಿರುಗಿ, "ದುಡ್ಡು ಹೋಗಿದ್ದಲ್ದೆ ಹೆಸ್ರೂ ದಂಡ ಆಯ್ತಲ್ಲಪ್ಪ" ಎಂದಳು. ಹಿಂದಿನ ಸೀಟಿನಿಂದ ಚಿಕ್ಕಬೀರಪ್ಪ, "ಹೋಗ್ಲಿ ಬಿಡಮ್ಮಿ. ಚೆಂದಾಗೇ ಕರ್ದೆ" ಎಂದ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಇನ್ನು ಮುಂದೆ ತಪ್ಪು ಕೈಗೆ ಸಿಕ್ಕಾಗ ದಯಮಾಡಿ ಒಂದು ಸಲ ಕಚ್ಚಿ. ಹಲ್ಲಿಲ್ಲವೆಂಬ ನೆಪ ಬೇಡ, ಬ್ಯಾಂಕಿಗೆ ಕೋರೆಹಲ್ಲುಗಳಿರುವುದನ್ನು ಸಾಲ ವಸೂಲಿಗೆ ಜೀಪು ಬಂದಾಗಲೆಲ್ಲ ನಾವು ನೋಡಿದ್ದೇವೆ, ಅದರಲ್ಲಿ ಒಂದೆರಡನ್ನು ಎರವಲು ಪಡೆಯಿರಿ. ಕಚ್ಚಲು ಸಂಕೋಚವಾದರೆ ಕನಿಷ್ಠ ಕಿರುಚಿ. ಅದೂ ಆಗದಿದ್ದರೆ ತಮ್ಮ ಧಣಿಗಳಿಗೆ ಹೇಳಿ ಕ್ಯಾಷಿಯರ್ ಮಹಾಶಯರ ಮೇಜಿಗೆ ಇನ್ನೊಂದು ಇಂಕಿನ ಪ್ಯಾಡು ಕೊಡಿಸಿ. ಅದರ ಖರ್ಚನ್ನು ಭರಿಸಲು ರಾಷ್ಟ್ರದ ಬೊಕ್ಕಸಕ್ಕೆ ಕಷ್ಟವಾದರೆ ನಾರು ಬಡಿಯುವ ಹೆಂಗಸರು ಚಂದಾ ಎತ್ತಿ ತಂದುಕೊಡಲು ಸಿದ್ಧರಿದ್ದಾರೆ. ಖಾತೆಯಲ್ಲಿ 'ಕೋಂ' ಅಳಿಸಿ ತಿಮ್ಮಕ್ಕನನ್ನು ಬರಿಯ ತಿಮ್ಮಕ್ಕನೆಂದು ಬರೆಯುವುದು ಸಾಧ್ಯವೇ ಎಂದು ವಿಚಾರಿಸಿ. ಮತ್ತು ಎಲ್ಲಕ್ಕಿಂತ ಮೊದಲು, ತಾವು ಯಾರ ಕೈಗೋ ಸಿಕ್ಕು ಹೊರಡಿಸಿದ ದುಡ್ಡನ್ನು ಗೌರಿ ಹಬ್ಬದೊಳಗೆ ಅವಳ ಖಾತೆಗೆ ವಾಪಸು ಕಟ್ಟಿಸಿ. ಆ ರಾಟೆಯನ್ನು ಕೇಳಿಕೊಂಡು ಮಂಡಿ ಮಾಲೀಕನೇ ತರೀಕೆರೆಗೆ ಹೋಗಿ ಬಂದಿದ್ದಾನೆ. ಅವನು ಅದನ್ನು ಕೊಂಡರೆ ತಿಮ್ಮಕ್ಕ ತಾನು ಕನಸು ಕಂಡ ರಾಟೆಗೇ ಬಾಡಿಗೆ ಕಟ್ಟಿ ಹುರಿ ಹೊಸೆಯಬೇಕಾಗುತ್ತದೆ. ಅಷ್ಟು ದೊಡ್ಡ ಅಣಕವನ್ನು ಬರೆಯುವ ಶಕ್ತಿ ನನಗಿಲ್ಲ, ಅದು ತಮ್ಮ ಬ್ಯಾಂಕಿಗೆ ಮಾತ್ರ ಸಾಧ್ಯ.

ಬ್ಯಾಂಕಿಗೆ ತಮ್ಮ ಮೇಲಿರುವ ವಿಶ್ವಾಸದಲ್ಲಿ ಕಾಲುಭಾಗವಾದರೂ ತಿಮ್ಮಕ್ಕನ ಮೇಲೆ ಹುಟ್ಟಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಸನಾವುಲ್ಲಾ

ತಾ.ಕ.: ಪಂಚನಹಳ್ಳಿಯ ಹುರಿ ಹೊಸೆಯುವ ಹೆಂಗಸರೆಲ್ಲರ ಉಳಿತಾಯವೂ ತಮ್ಮ ಶಾಖೆಯಲ್ಲೇ ಇರುವುದರಿಂದ, ತಿಮ್ಮಕ್ಕನ ದುಡ್ಡು ಬಾರದಿದ್ದರೆ ಹಬ್ಬದ ಮುಂಚಿನ ಸಂತೆಯ ದಿನ ಅವರೆಲ್ಲ ಒಟ್ಟಿಗೆ ಹಣ ಬಿಡಿಸಿಕೊಳ್ಳಲು ಬರುವವರಿದ್ದಾರೆ. ಕ್ಯಾಷಿಯರ್ ಗಂಡನ ಹೆಸರು ಕೇಳಿದರೆ ಏನು ಮಾಡುವುದೆಂದು ಚರ್ಚೆ ಬಂದಾಗ ಗುರುಶಾಂತಮ್ಮ ಎಂಬಾಕೆ, "ನಮ್ಮೋರ ಹೆಸ್ರು ಹೇಳಂಗಿಲ್ಲ ಅಷ್ಟೇ ಕಣ್ರೇ, ಕಂಡೋರ ಗಂಡನ ಹೆಸ್ರು ಹೇಳಕ್ಕೇನು ದಾಡಿ?" ಎಂದು ದಾರಿ ತೋರಿಸಿದ್ದಾಳೆ. ಹಾಗಾಗಿ ಅಷ್ಟೂ ಜನ ಸಾಲಾಗಿ ನಿಂತು, ಒಬ್ಬೊಬ್ಬರಾಗಿ, ತಡವರಿಸದೆ, ತುಂಬು ದನಿಯಲ್ಲಿ ಮ್ಯಾನೇಜರ್ ಸಾಹೇಬರ ಹೆಸರನ್ನೇ ಹೇಳಲಿದ್ದಾರೆ. ಸಾಹೇಬರ ಶ್ರೀಮತಿಯವರು ಶಾಖೆಯ ಮಹಡಿಯ ಮೇಲೇ ವಾಸವಾಗಿದ್ದಾರೆಂದೂ, ಅವರ ಕಿವಿ ಬಹಳ ಚುರುಕೆಂದೂ ಕೇಳಿದ್ದೇವೆ.