ಅನಧಿಕೃತ ಉಳಿತಾಯ

ಅಜ್ಜಂಪುರ ಭಾಗದ ತೆಂಗು ಬೆಳೆಗಾರರ ಸಹಕಾರ ಸಂಘವೊಂದರಲ್ಲಿ ಈಚೆಗೆ ಖರ್ಚು ಕಡಿಮೆಯಾಯಿತು. ಈ ಬಗ್ಗೆ ವಿಚಾರಣೆ ನಡೆದು ತಪ್ಪಿತಸ್ಥರು ಪತ್ತೆಯಾಗಿದ್ದಾರೆ.

ಸಂಘದ ಕಡತ, ಫೋಟೊ, ವಿಡಿಯೊಗಳೆಲ್ಲ ಕ್ಲೌಡಿನಲ್ಲಿವೆ. ಅಂದರೆ ದೂರದ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಬಾಡಿಗೆಗಿವೆ. ತಿಂಗಳ ಕೊನೆಗೆ ಬಾಡಿಗೆ ಎಷ್ಟಾದೀತೆಂದು ಡ್ಯಾಶ್‌ಬೋರ್ಡಿನ ಕೋಷ್ಟಕವೊಂದು ಮೊದಲೇ ಅಂದಾಜು ತೋರಿಸುತ್ತದೆ. ಅದನ್ನು ನೋಡಿಕೊಳ್ಳುವವಳು ಹಂಗಾಮಿ ಆಪರೇಟರ್ ಹೇಮಶ್ರೀ. ಕೆಲಸ ಕಾಯಂ ಆಗಲೆಂದು ಕಾಯುತ್ತಿದ್ದ ಈಕೆ, ಖಾಲಿ ಗೋದಾಮನ್ನು ಹಗಲಿರುಳು ಸೆರೆಹಿಡಿದಿದ್ದ ಹಳೇ ವಿಡಿಯೊಗಳನ್ನು ಅಳಿಸಿದಳು. ಬಾಡಿಗೆ ಅಂದಾಜಿನ ಅರ್ಧಕ್ಕಿಳಿಯಿತು. ಖುಷಿಯಿಂದ ತಾನೇ ಹೋಗಿ ತೋರಿಸಿದಳು.

ಅಧ್ಯಕ್ಷ ಜಯದೇವಪ್ಪನವರು ಕನ್ನಡಕ ಹಾಕಿಕೊಂಡು ಕೋಷ್ಟಕ ನೋಡಿದರು.

“ಏನಮ್ಮಾ, ಅಂದಾಜೊಂದು, ಆಗಿರೋದೊಂದು?”

“ಉಳಿಸಿದೀನಿ ಸಾರ್.”

“ಯಾರನ್ನ ಕೇಳಿ?”

ಅಂದಾಜಿನಷ್ಟೇ ಅನುದಾನ ಬಂದಿದೆ, ಮಿಕ್ಕಿದ್ದನ್ನು ಹಿಂದಿರುಗಿಸಬೇಕಾಗುತ್ತದೆ ಎಂದು ಕಾರ್ಯದರ್ಶಿ ಸಿದ್ದಲಿಂಗೇಶ್ ವಿವರಿಸಿದರು. “ದುಡ್ಡು ವಾಪಸ್ ಕೊಟ್ಟೋರು ಅಂತ ನಮಗೆ ಹೆಸರು ಬಂದ್ರೆ, ನಾಳೆ ತಾಲ್ಲೂಕಲ್ಲಿ ಮುಖ ತೋರಿಸೋದು ಹೆಂಗಮ್ಮ?”

ಸಂಜೆ ನೋಟಿಸು ಬಂತು: ‘ಪೂರ್ವಾನುಮತಿ ಇಲ್ಲದೆ ಮಿತವ್ಯಯ ಎಸಗಿರುವ ತಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?’

ಬೀರೂರಿನ ಬಸ್ಸಿನಲ್ಲಿ ಹೇಮಶ್ರೀ ಕಿಟಕಿಯ ಕಡೆ ತಿರುಗಿಕೊಂಡು ಅತ್ತಳು. ಇಳಿಯುವಷ್ಟರಲ್ಲಿ ಕಣ್ಣೊರೆಸಿಕೊಂಡಿದ್ದಳು. ಮಾರನೆಯ ದಿನ ಕ್ಷಮಾಪಣೆಯ ಜೊತೆ ಒಂದು ಪರಿಹಾರವನ್ನೂ ಬರೆದುಕೊಟ್ಟಳು. ಆಡಳಿತ ಮಂಡಳಿ ಅದನ್ನು ಸರ್ವಾನುಮತದಿಂದ ಒಪ್ಪಿ ಸುತ್ತೋಲೆ ಹೊರಡಿಸಿತು:

‘ಸದಸ್ಯರು ತರುವ ಪ್ರತಿಯೊಂದು ತೆಂಗಿನಕಾಯಿಯ ನಾಲ್ಕೂ ಮಗ್ಗುಲ ಫೋಟೊ ತೆಗೆದು ಕ್ಲೌಡಿಗೆ ಏರಿಸತಕ್ಕದ್ದು. ಕಾಯಿ ದುಂಡಗಿದ್ದು ಮಗ್ಗುಲು ತಿಳಿಯದಿದ್ದಲ್ಲಿ ಕಾರ್ಯದರ್ಶಿಯವರ ತೀರ್ಮಾನವೇ ಅಂತಿಮ.’

ಸದಸ್ಯ ಈರಣ್ಣನವರು ಟೆಂಪೊದಲ್ಲಿ ಕಾಯಿ ತಂದು, ಬಿಸಿಲೇರುವವರೆಗೆ ಸಾಲಿನಲ್ಲಿ ನಿಂತರು.

“ತೂಕ ಯಾವಾಗವ್ವಾ?”

“ಫೋಟೊ ಮುಗೀಲಿ ಇರಿ” ಎಂದಳು ಹೇಮಶ್ರೀ.

“ಎಲ್ಲಾ ಒಂದೇ ಥರ ಅವಲ್ಲ, ಒಂದು ತಗುದ್ರೆ ಸಾಲ್ದಾ?”

“ಒಂದೇ ಥರ ಅವೆ ಅನ್ನೋಕಾದ್ರೂ ಎಲ್ಲಾದ್ರದೂ ಬೇಕಲ್ಲ.”

ಈರಣ್ಣನವರಿಗೆ ಇದು ಸರಿಯೆನಿಸಿತು.

ತಿಂಗಳ ಕೊನೆಗೆ ಖರ್ಚು ಅಂದಾಜನ್ನು ಮುಟ್ಟಿತು. ಹೇಮಶ್ರೀ ಕಾಯಂ ಆದಳು. ಅಧ್ಯಕ್ಷರೇ ಕೈಯಾರೆ ಪೇಢಾ ಹಂಚಿದರು. ಆದರೆ ಏರಿದ ಖರ್ಚನ್ನು ಕಂಡ ಕೋಷ್ಟಕ ಮುಂದಿನ ತಿಂಗಳ ಅಂದಾಜನ್ನು ಇನ್ನೂ ಏರಿಸಿತು. ಅದನ್ನು ಮುಟ್ಟಲು ಸಿಬ್ಬಂದಿಯೆಲ್ಲ ಫೋಟೊ ತೆಗೆಯಲು ನಿಂತರು. ತೂಗಲು ಯಾರಿಗೂ ಪುರುಸೊತ್ತಿಲ್ಲದ್ದರಿಂದ ಕಾಯಿ ಖರೀದಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಫೋಟೊ ತೆಗೆಸದವರಿಗೆ ಸಂಘದ ಚುನಾವಣೆಯಲ್ಲಿ ಮತವಿಲ್ಲವೆಂದೂ ಸಾರಲಾಯಿತು.

ಹೀಗಾಗಿ ಈರಣ್ಣನವರು ಈಗ ಅವೇ ಕಾಯಿಗಳನ್ನು ಚೀಲದಲ್ಲಿ ತಂದು, ಫೋಟೊ ತೆಗೆಸಿ, ವಾಪಸ್ ಒಯ್ಯುತ್ತಾರೆ. ಮೊನ್ನೆ ಅವು ಮೊಳಕೆ ಬಿಟ್ಟಿದ್ದವು.

ಹೇಮಶ್ರೀ ಬಗ್ಗಿ ಮೊಳಕೆಯನ್ನು ನೋಡಿದಳು.

“ಇದಕ್ಕೆ ಐದು ಮಗ್ಗುಲಾಯ್ತು” ಎಂದಳು.

“ಮೊಳಕೆ ನಿನ್ ಕಡೀಕೆ ತಿರುಗಿಸಿ ಹಿಡೀಲಾ?” ಎಂದು ಈರಣ್ಣನವರು ಕೇಳಿದರು.